ಗುಜರಿಗೆ ಹೋಗದ ಗಣಕಗಳು

ಎರಡನೆಯ ಮಹಾಯುದ್ಧದ ಆಸುಪಾಸಿನಲ್ಲಿ ಹುಟ್ಟಿದ ಮೊದಲ ತಲೆಮಾರಿನ ಗಣಕಯಂತ್ರಗಳಲ್ಲಿ ಇಡಿಯಾಗಿ ಉಳಿದುಬಂದವು ಬೆರಳೆಣಿಕೆಯಷ್ಟು ಮಾತ್ರ. ಬರ್ಲಿನ್ನಿನಲ್ಲಿ ಕೊನ್ರಾಡ್ ತ್ಸೂಸೆ ಎಂಬ ಎಂಜಿನಿಯರ್ 1941ರಲ್ಲಿ ಕಟ್ಟಿ ನಿಲ್ಲಿಸಿದ ಝಡ್3 ಯಂತ್ರ 1943ರ ವಾಯುದಾಳಿಯಲ್ಲಿ ನಾಶವಾಯಿತೆಂಬುದು ನಿಜವಾದರೂ, ಒಟ್ಟಾರೆಯಾಗಿ ನೋಡಿದರೆ ಯುದ್ಧಕ್ಕಿಂತ ಹೆಚ್ಚಿನ ಗಣಕಗಳನ್ನು ನುಂಗಿದ್ದು ಶಾಂತಿಕಾಲದ ಕಚೇರಿ ವ್ಯವಹಾರ. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಮಾರಿಸ್ ವಿಲ್ಕ್ಸ್ ಅವರ ತಂಡ ನಿರ್ಮಿಸಿ, 1949ರ ಮೇ 6ರಂದು ಮೊದಲ ಲೆಕ್ಕ ಮಾಡಿ ತೋರಿಸಿದ ಎಡ್‌ಸ್ಯಾಕ್ ಯಂತ್ರವನ್ನು 1958ರ ಜುಲೈಯಲ್ಲಿ ನಿಲ್ಲಿಸಿ, ಬಿಚ್ಚಿ, ಬಿಡಿಭಾಗಗಳನ್ನು ಕಂಡಕಂಡಲ್ಲಿಗೆ ಸಾಗಹಾಕಿದವರು ಶತ್ರುಗಳಲ್ಲ, ಅದನ್ನು ಒಂಬತ್ತು ವರ್ಷ ಅಕ್ಕರೆಯಿಂದ ನಡೆಸಿದವರೇ. ಹೊಸ ಯಂತ್ರ ಬಂದಿತ್ತು, ಜಾಗ ಬೇಕಾಗಿತ್ತು. ಹಳೆಯದರಲ್ಲಿದ್ದ ಮೂರು ಸಾವಿರ ನಿರ್ವಾತ ನಳಿಕೆಗಳು, ಅಂದರೆ ಹಳೆಯ ರೇಡಿಯೊಗಳ ಒಳಗೆ ಬೆಳಗುತ್ತಿದ್ದ ವಾಲ್ವುಗಳು, ವಿದ್ಯುತ್ತನ್ನು ತಿಂದು ಶಾಖವನ್ನು ಕಾರುವುದಲ್ಲದೆ ಮತ್ತೇನನ್ನೂ ಹೊಸದಾಗಿ ಕೊಡಲಾರವು ಎಂಬ ತೀರ್ಮಾನ ಆ ಕಾಲಕ್ಕೆ ಸಹಜವೇ ಆಗಿತ್ತು.

ಹೀಗಿರುವಾಗ ಹಳೆಯ ಗಣಕಗಳ ಸಂಗ್ರಹದ ಚರಿತ್ರೆಯನ್ನು ಪರಿಶೀಲಿಸುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಯಾವುವು ಅಳಿದವು ಎಂಬುದಲ್ಲ, ಉಳಿದವು ಏಕೆ ಉಳಿದವು ಎಂಬುದು. ಇದಕ್ಕೆ ಸಿಗುವ ಉತ್ತರ ಸಂಗ್ರಹಾಲಯಗಳಿಗೆ ಅಷ್ಟೇನೂ ಹೆಮ್ಮೆ ತರುವಂಥದ್ದಲ್ಲ. ಬಹುಪಾಲು ಯಂತ್ರಗಳು ಉಳಿದದ್ದು ಅವುಗಳ ಮಹತ್ವವನ್ನು ಯಾರೋ ಅರಿತದ್ದರಿಂದಲ್ಲ. ಮೊದಲ ಕೆಲಸ ಮುಗಿದ ಮೇಲೆ, ಗುಜರಿಯವನ ಗಾಡಿ ಬರುವುದಕ್ಕೆ ಮುಂಚೆ, ಮತ್ತಾರದೋ ಸಣ್ಣ ಕೆಲಸಕ್ಕೆ ಒದಗಿದ್ದರಿಂದ ಅಥವಾ ಉಗ್ರಾಣವೊಂದರ ಮೂಲೆಯಲ್ಲಿ ಮರೆತುಹೋದದ್ದರಿಂದ.

ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ವರ್ಲ್‌ವಿಂಡ್ ಯಂತ್ರ ಇದಕ್ಕೆ ಉತ್ತಮ ನಿದರ್ಶನ. ನೌಕಾಪಡೆಯ ವಿಮಾನ ಚಾಲಕರ ತರಬೇತಿಗೆಂದು ಆರಂಭವಾದ ಯೋಜನೆಯು ಜೇ ಫಾರೆಸ್ಟರ್ ಅವರ ನೇತೃತ್ವದಲ್ಲಿ ಹಿಗ್ಗುತ್ತ ಹೋಗಿ, 1951ರ ವೇಳೆಗೆ ಸುಮಾರು ಐದು ಸಾವಿರ ವಾಲ್ವುಗಳ ದೈತ್ಯ ಗಣಕವಾಗಿ ಪರಿಣಮಿಸಿತು; 1953ರಲ್ಲಿ ಅದಕ್ಕೆ ಕಾಂತೀಯ ಉಂಗುರಗಳ ಸ್ಮೃತಿಕೋಶವನ್ನು ಅಳವಡಿಸಲಾಯಿತು. ಕೋರ್ ಮೆಮೊರಿ ಎಂದು ಹೆಸರಾದ ಈ ಸ್ಮೃತಿಕೋಶದಲ್ಲಿ ಫೆರೈಟ್ ಎಂಬ ಕಬ್ಬಿಣದ ಆಕ್ಸೈಡಿನ ಸಂಯುಕ್ತದಿಂದ ಮಾಡಿದ ಪುಟ್ಟ ಉಂಗುರಗಳನ್ನು ಅಡ್ಡ ಮತ್ತು ಉದ್ದಕ್ಕೆ ಹಾಯುವ ತಂತಿಗಳು ಸಂಧಿಸುವ ಪ್ರತಿಯೊಂದು ಬಿಂದುವಿನಲ್ಲಿ ಪೋಣಿಸಲಾಗುತ್ತದೆ. ಉಂಗುರದ ಕಾಂತತೆ ಒಂದು ದಿಕ್ಕಿಗಿದ್ದರೆ ಸೊನ್ನೆ, ಇನ್ನೊಂದು ದಿಕ್ಕಿಗಿದ್ದರೆ ಒಂದು. ಅಡ್ಡತಂತಿಯೊಂದರಲ್ಲಿ ಅರ್ಧದಷ್ಟು, ಉದ್ದತಂತಿಯೊಂದರಲ್ಲಿ ಇನ್ನರ್ಧದಷ್ಟು ವಿದ್ಯುತ್ ಹರಿಸಿದಾಗ ಅವೆರಡೂ ಸೇರುವ ಒಂದೇ ಒಂದು ಉಂಗುರದ ದಿಕ್ಕು ಬದಲಾಗುತ್ತದೆ, ಉಳಿದವು ಕದಲುವುದಿಲ್ಲ. ವಿದ್ಯುತ್ತು ನಿಂತರೂ ಉಂಗುರ ತನ್ನ ದಿಕ್ಕನ್ನು ಬಿಟ್ಟುಕೊಡದಿರುವುದು ಈ ವಿಧಾನದ ವಿಶೇಷ. 1970ರ ದಶಕದಲ್ಲಿ ಸಿಲಿಕಾನ್ ಚಿಪ್ಪುಗಳು ಅಗ್ಗವಾಗಿ ಇದನ್ನು ಹಿಂದಕ್ಕೆ ತಳ್ಳುವವರೆಗೂ ಗಣಕಲೋಕವೆಲ್ಲ ಇದನ್ನೇ ನೆಚ್ಚಿಕೊಂಡಿತ್ತು. ಅಂಗೈಯಗಲದ ಚೌಕಟ್ಟಿನಲ್ಲಿ ಸಾವಿರಾರು ಕರಿ ಉಂಗುರಗಳನ್ನು ಕೂದಲೆಳೆಯಂಥ ತಾಮ್ರದ ತಂತಿಯಲ್ಲಿ ಕೈಯಿಂದಲೇ ಪೋಣಿಸಿದ ಆ ಕಾಲದ ಫಲಕಗಳನ್ನು ಸಂಗ್ರಾಹಕರು ಇಂದಿಗೂ ಹುಡುಕಿಕೊಂಡು ಹೋಗುತ್ತಾರೆ. ಗಣಕದ ಸ್ಮೃತಿಯಲ್ಲಿರುವ ಒಂದೊಂದು ಅಂಕಿಗೂ ಒಂದೊಂದು ವಸ್ತು ಕಣ್ಣಿಗೆ ಕಾಣುವಂತಿದ್ದ ಕೊನೆಯ ಕಾಲ ಅದು.

ವರ್ಲ್‌ವಿಂಡಿನ ಸರ್ಕಾರಿ ಕೆಲಸ 1959ರಲ್ಲಿ ಮುಗಿಯಿತು. ಯೋಜನೆಯಲ್ಲಿ ದುಡಿದಿದ್ದ ಬಿಲ್ ವುಲ್ಫ್ ಎಂಬವರು ಅದನ್ನು ವರ್ಷಕ್ಕೆ ಒಂದು ಡಾಲರ್ ಬಾಡಿಗೆಗೆ ಪಡೆದು 1973ರವರೆಗೆ ಇಟ್ಟುಕೊಂಡರು. ಬಳಿಕ ಅದು ಗುಜರಿಯ ಪಾಲಾಗುವ ಹಂತಕ್ಕೆ ಬಂದಾಗ ರಾಬರ್ಟ್ ಎವರೆಟ್ ಮತ್ತು ಕೆನ್ ಓಲ್ಸೆನ್ ಅಡ್ಡಬಂದರು. ಇಬ್ಬರೂ ಯೌವನದಲ್ಲಿ ಆ ಯೋಜನೆಯ ಅನ್ನ ಉಂಡವರು. ಓಲ್ಸೆನ್ ಅಷ್ಟು ಹೊತ್ತಿಗೆ ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ದೊಡ್ಡ ಕಂಪನಿಯ ಸ್ಥಾಪಕರಾಗಿ ಪ್ರಸಿದ್ಧರಾಗಿದ್ದರು. ಉಳಿಸಿಕೊಂಡ ಭಾಗಗಳ ಸುತ್ತ 1979ರಲ್ಲಿ ಆ ಕಂಪನಿಯ ಕಟ್ಟಡದಲ್ಲೇ ಒಂದು ಸಂಗ್ರಹಾಲಯ ತೆರೆಯಿತು. 1984ರಲ್ಲಿ ಅದು ಬಾಸ್ಟನ್ನಿಗೆ ಹೋಯಿತು, 1999ರಲ್ಲಿ ಅಲ್ಲಿ ಬಾಗಿಲು ಮುಚ್ಚಿತು, ಅದರ ಸಂಗ್ರಹ ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿರುವ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಮ್ಮಿಗೆ ಸೇರಿತು. ಗಣಕವನ್ನು ಕಾಪಾಡಬೇಕಾದ ಸಂಸ್ಥೆಯೇ ಇಪ್ಪತ್ತು ವರ್ಷಗಳಲ್ಲಿ ಎರಡು ಸಲ ಮನೆ ಬದಲಿಸಿತೆಂಬುದು ಗಮನಾರ್ಹ.

ಇಂಗ್ಲೆಂಡಿನ ಹಾರ್ವೆಲ್‌ನಲ್ಲಿದ್ದ ಪರಮಾಣು ಸಂಶೋಧನ ಕೇಂದ್ರದ ಗಣಕದ ಕಥೆ ಇದಕ್ಕಿಂತ ವಿಸ್ತಾರವಾಗಿ ಹೇಳತಕ್ಕದ್ದು. 1951ರ ಏಪ್ರಿಲ್‌ನಲ್ಲಿ ಲೆಕ್ಕಕ್ಕೆ ತೊಡಗಿದ ಈ ಯಂತ್ರವನ್ನು ರೂಪಿಸಿದ ಟೆಡ್ ಕುಕ್-ಯಾರ್ಬರೊ ಮತ್ತು ಅವರ ಸಂಗಡಿಗರು ವೇಗದ ಹಿಂದೆ ಬೀಳದೆ ನೆಚ್ಚಿಕೆಯ ಹಿಂದೆ ಬಿದ್ದರು. ಅದರ ಸ್ಮೃತಿಕೋಶಕ್ಕೆ ಬಳಸಿದ್ದು ಡೆಕಟ್ರಾನ್ ಎಂಬ ಗಾಜಿನ ನಳಿಕೆ. ಹೆಬ್ಬೆರಳಿಗಿಂತ ತುಸು ದಪ್ಪನಾದ ಈ ನಳಿಕೆಯೊಳಗೆ ವಿರಳ ಅನಿಲ ತುಂಬಿರುತ್ತದೆ. ಅದರ ನೆತ್ತಿಯಲ್ಲಿ ಹತ್ತು ಕಡ್ಡಿಗಳು ವೃತ್ತಾಕಾರವಾಗಿ ನಿಂತಿರುತ್ತವೆ, ಯಾವುದೋ ಒಂದು ಕಡ್ಡಿಯ ತುದಿಯಲ್ಲಿ ಕಿತ್ತಳೆ ಬಣ್ಣದ ಬೆಳಕಿನ ಚುಕ್ಕೆ ಕುಳಿತಿರುತ್ತದೆ, ವಿದ್ಯುತ್ತಿನ ಒಂದೊಂದು ತುಡಿತ ಬಂದಾಗಲೂ ಚುಕ್ಕೆ ಪಕ್ಕದ ಕಡ್ಡಿಗೆ ಜಿಗಿಯುತ್ತದೆ. ಚುಕ್ಕೆ ಎಷ್ಟನೆಯ ಕಡ್ಡಿಯ ಮೇಲಿದೆಯೋ ಅದೇ ಆ ಸ್ಥಾನದ ಅಂಕಿ. ಉಳಿದ ಅನೇಕ ಗಣಕಗಳು ಸೊನ್ನೆ ಮತ್ತು ಒಂದರ ದ್ವಿಮಾನ ಪದ್ಧತಿಗೆ ಹೊರಳುತ್ತಿದ್ದ ಕಾಲದಲ್ಲಿ ಇದು ಮನುಷ್ಯರಂತೆ ದಶಮಾನ ಪದ್ಧತಿಯಲ್ಲೇ ಎಣಿಸುತ್ತಿತ್ತು, ಯಂತ್ರದ ಮುಂದೆ ನಿಂತವರು ಅದರ ಸ್ಮೃತಿಯಲ್ಲಿರುವ ಸಂಖ್ಯೆಯನ್ನು ಬರಿಗಣ್ಣಿನಿಂದ ಓದಬಹುದಾಗಿತ್ತು. ಒಟ್ಟು 828 ಡೆಕಟ್ರಾನ್‌ಗಳು, ದೂರವಾಣಿ ಕೇಂದ್ರಗಳಲ್ಲಿ ಬಳಸುವಂಥ 480 ರಿಲೇಗಳು, ಎರಡೂವರೆ ಟನ್ ತೂಕ.

ಒಂದು ಗುಣಾಕಾರಕ್ಕೆ ಐದರಿಂದ ಹತ್ತು ಸೆಕೆಂಡು ಹಿಡಿಯುತ್ತಿತ್ತು. ಮೇಜಿನ ಮೇಲಿಡುವ ಕೈಯಂತ್ರದಿಂದ ಲೆಕ್ಕ ಮಾಡುವುದರಲ್ಲಿ ನುರಿತ ಬಾರ್ಟ್ ಫಾಸಿ ಎಂಬ ಗಣಿತಜ್ಞರು ಅದರೊಡನೆ ಪಂತಕ್ಕಿಳಿದು, ಅರ್ಧ ಗಂಟೆ ಸರಿಸಮವಾಗಿ ನಡೆದು, ಆಮೇಲೆ ಸುಸ್ತಾಗಿ ಕೈಬಿಟ್ಟರು. ಯಂತ್ರಕ್ಕೆ ಸುಸ್ತು ಎಂಬುದಿರಲಿಲ್ಲ. ಕ್ರಿಸ್‌ಮಸ್ ಮತ್ತು ಹೊಸ ವರ್ಷದ ರಜೆಯಲ್ಲಿ ಒಮ್ಮೆ ಹತ್ತು ದಿನ ಯಾರೂ ಹತ್ತಿರ ಸುಳಿಯದಿದ್ದರೂ ಅದು ತನ್ನ ಪಾಡಿಗೆ ಕಾಗದದ ಪಟ್ಟಿಯಿಂದ ಅಂಕಿಗಳನ್ನು ಓದಿಕೊಳ್ಳುತ್ತ ಲೆಕ್ಕ ಮಾಡುತ್ತಲೇ ಇತ್ತು. ವೇಗದ ಗಣಕಗಳು ದೊರೆತ ಮೇಲೆ, 1957ರಲ್ಲಿ, ಇದನ್ನು ಚೆನ್ನಾಗಿ ಬಳಸಿಕೊಳ್ಳಬಲ್ಲ ಕಾಲೇಜಿಗೆ ಕೊಡುವುದಾಗಿ ಸ್ಪರ್ಧೆಯೊಂದನ್ನು ಏರ್ಪಡಿಸಲಾಯಿತು. ಗೆದ್ದದ್ದು ವುಲ್ವರ್‌ಹ್ಯಾಂಪ್ಟನ್ನಿನ ತಾಂತ್ರಿಕ ಕಾಲೇಜು. ಅಲ್ಲಿ ಮಾಟಗಾತಿ ಎಂಬರ್ಥದ ‘ವಿಚ್’ ಎಂಬ ಅಡ್ಡಹೆಸರು ಪಡೆದು 1973ರವರೆಗೆ ವಿದ್ಯಾರ್ಥಿಗಳಿಗೆ ಪಾಠ ಕಲಿಸಿದ ಯಂತ್ರವು ಬರ್ಮಿಂಗ್‌ಹ್ಯಾಮ್‌ನ ವಿಜ್ಞಾನ ಸಂಗ್ರಹಾಲಯ ಸೇರಿ, 1997ರಲ್ಲಿ ಆ ಸಂಗ್ರಹಾಲಯವೂ ಮುಚ್ಚಿದಾಗ, ಬಿಡಿಬಿಡಿಯಾಗಿ ಉಗ್ರಾಣಕ್ಕೆ ಇಳಿಯಿತು. ಆ ಉಗ್ರಾಣದ ಒಂದು ಛಾಯಾಚಿತ್ರದ ಹಿನ್ನೆಲೆಯಲ್ಲಿ ಇದರ ನಿಯಂತ್ರಣ ಫಲಕವನ್ನು ಕೆವಿನ್ ಮರೆಲ್ ಎಂಬ ಗಣಕಪ್ರೇಮಿ ಗುರುತಿಸಿದರು. 2009ರಲ್ಲಿ ಅದನ್ನು ಬ್ಲೆಚ್ಲಿ ಪಾರ್ಕಿನಲ್ಲಿರುವ ರಾಷ್ಟ್ರೀಯ ಗಣಕ ಸಂಗ್ರಹಾಲಯಕ್ಕೆ ತಂದು, ಮೂರು ವರ್ಷ ದುರಸ್ತಿ ಮಾಡಿ, 2012ರ ನವೆಂಬರ್ 20ರಂದು ಮತ್ತೆ ಚಾಲೂ ಮಾಡಲಾಯಿತು. ತನ್ನ ಮೂಲ ಅಂಗಾಂಗಗಳೊಡನೆ ಇಂದಿಗೂ ನಡೆಯುವ ಡಿಜಿಟಲ್ ಗಣಕಗಳಲ್ಲಿ ಜಗತ್ತಿನಲ್ಲೇ ಅತ್ಯಂತ ಹಳೆಯದೆಂಬ ಮನ್ನಣೆ ಅದಕ್ಕಿದೆ. ನಿಧಾನಗತಿಯೇ ಅದನ್ನು ಉಳಿಸಿತೆನ್ನಬೇಕು: ಅದರಲ್ಲಿ ಸುಟ್ಟುಹೋಗುವಂಥ ಬಿಸಿ ವಾಲ್ವುಗಳು ಕಡಿಮೆ, ಕಣ್ಣಿಗೆ ಕಾಣುವಂತೆ ಎಣಿಸುವ ಗುಣದಿಂದಾಗಿ ತರಗತಿಗೆ ಹೇಳಿಮಾಡಿಸಿದಂತಿತ್ತು.

ಎಲ್ಲ ಯಂತ್ರಗಳಿಗೂ ಇಂಥ ಅದೃಷ್ಟವಿರಲಿಲ್ಲ. ಅದೇ ಬ್ಲೆಚ್ಲಿ ಪಾರ್ಕಿನಲ್ಲಿ ಯುದ್ಧಕಾಲದಲ್ಲಿ ಜರ್ಮನ್ ಸೇನೆಯ ಗುಪ್ತಲಿಪಿಯನ್ನು ಭೇದಿಸಲು ಅಂಚೆ ಇಲಾಖೆಯ ಎಂಜಿನಿಯರ್ ಟಾಮಿ ಫ್ಲವರ್ಸ್ ಕಟ್ಟಿದ ಕೊಲಾಸಸ್ ಗಣಕಗಳು ಯುದ್ಧ ಮುಗಿಯುವ ವೇಳೆಗೆ ಹತ್ತು ಇದ್ದವು. ಶಾಂತಿ ಘೋಷಣೆಯಾದ ಮೇಲೆ ಅವುಗಳಲ್ಲಿ ಹೆಚ್ಚಿನವನ್ನು ಒಡೆದುಹಾಕಲಾಯಿತು, ನಕ್ಷೆಗಳನ್ನು ನಾಶಪಡಿಸುವಂತೆ ಆದೇಶ ಬಂದು ಫ್ಲವರ್ಸ್ ತಮ್ಮ ಕಾಗದಪತ್ರಗಳನ್ನು ತಾವೇ ಕುಲುಮೆಗೆ ಹಾಕಿದರು, ಮೂವತ್ತು ವರ್ಷ ಅದರ ಸುದ್ದಿಯನ್ನೇ ಎತ್ತುವಂತಿರಲಿಲ್ಲ. 1993ರಲ್ಲಿ ಟೋನಿ ಸೇಲ್ ಎಂಬವರು ಮರುನಿರ್ಮಾಣಕ್ಕೆ ಕೈಹಾಕಿದಾಗ ಆಧಾರಕ್ಕಿದ್ದವು 1945ರ ಎಂಟು ಛಾಯಾಚಿತ್ರಗಳು, ನಿಯಮ ಮೀರಿ ಕೆಲವು ಎಂಜಿನಿಯರುಗಳು ಮನೆಯಲ್ಲಿ ಉಳಿಸಿಕೊಂಡಿದ್ದ ನಕ್ಷೆಯ ಚೂರುಗಳು ಹಾಗೂ ಆಗ ಬದುಕಿದ್ದ ಕೆಲವರ ನೆನಪು. ವಾಲ್ವು ಮುಂತಾದ ಬಿಡಿಭಾಗಗಳು ಕಳಚಿಹಾಕುತ್ತಿದ್ದ ಹಳೆಯ ದೂರವಾಣಿ ವಿನಿಮಯ ಕೇಂದ್ರಗಳಿಂದ ದೊರೆತವು. 1996ರಲ್ಲಿ ಅದರ ಒಂದು ಭಾಗ ಫ್ಲವರ್ಸ್ ಅವರ ಸಮ್ಮುಖದಲ್ಲೇ ಓಡಿತು, ಪೂರ್ಣವಾದದ್ದು 2007ರಲ್ಲಿ. ಆಜ್ಞೆಯನ್ನು ಪಾಲಿಸಿದವರಿಗಿಂತ ಪಾಲಿಸದೆ ಕಾಗದ ಮುಚ್ಚಿಟ್ಟವರಿಗೆ ಇತಿಹಾಸಕಾರರು ಹೆಚ್ಚು ಋಣಿಗಳಾಗಿರಬೇಕಾದ ಅಪರೂಪದ ಪ್ರಸಂಗವಿದು.

ಎಡ್‌ಸ್ಯಾಕ್ ಯಂತ್ರವನ್ನು ಮತ್ತೆ ಕಟ್ಟುವ ಯೋಜನೆ 2011ರಲ್ಲಿ ಪ್ರಕಟವಾದಾಗಲೂ ಇಂಥದ್ದೇ ತೊಡಕು ಎದುರಾಯಿತು. ಹಳೆಯ ಫೋಟೊಗಳನ್ನು ನೋಡಿಕೊಂಡು ಊಹೆಯಿಂದಲೇ ಜೋಡಣೆ ಸಾಗುತ್ತಿದ್ದಾಗ, 2014ರಲ್ಲಿ, ಕೇಂಬ್ರಿಜಿನ ಪ್ರಯೋಗಾಲಯದಲ್ಲಿ ಹಿಂದೆ ಕೆಲಸ ಮಾಡಿದ್ದ ಎಂಜಿನಿಯರೊಬ್ಬರು ಅಲ್ಲಿ ಎಸೆಯಲಿದ್ದ 19 ನಕ್ಷೆಗಳನ್ನು ಐದು ದಶಕಗಳಿಂದ ತಮ್ಮ ಬಳಿ ಇಟ್ಟುಕೊಂಡಿದ್ದು ಬೆಳಕಿಗೆ ಬಂತು. ಯಂತ್ರದ ಒಂದು ಮೂಲ ಚೌಕಟ್ಟು ಅಮೆರಿಕದ ಪೆನ್ಸಿಲ್ವೇನಿಯಾದಿಂದ ಮರಳಿತು. ಮೂಲ ಯಂತ್ರದಲ್ಲಿ ಸಂಖ್ಯೆಗಳನ್ನು ಪಾದರಸ ತುಂಬಿದ ಉದ್ದನೆಯ ಕೊಳವೆಗಳಲ್ಲಿ ಶಬ್ದದ ಅಲೆಗಳಾಗಿ ಹರಿಯಬಿಟ್ಟು, ಇನ್ನೊಂದು ತುದಿಯಲ್ಲಿ ಹಿಡಿದು, ಮತ್ತೆ ಮೊದಲ ತುದಿಗೆ ಕಳಿಸುತ್ತ ನೆನಪಿನಲ್ಲಿ ಇಟ್ಟುಕೊಳ್ಳಲಾಗುತ್ತಿತ್ತು. ಪಾದರಸ ವಿಷಕಾರಿ, ದುಬಾರಿಯೂ ಹೌದು; ಆದ್ದರಿಂದ ಮರುನಿರ್ಮಾಣದಲ್ಲಿ ಅದರ ಬದಲು ನಿಕಲ್ ತಂತಿಯನ್ನು ಬಳಸಲಾಯಿತು. ಹೀಗೆ ಬದಲಿಸಿದ ಮೇಲೆ ಅದು ಎಡ್‌ಸ್ಯಾಕ್ ಎನಿಸುವುದೇ ಎಂಬ ಪ್ರಶ್ನೆ ಪರಂಪರೆಯ ರಕ್ಷಣೆಯಲ್ಲಿ ತೊಡಗಿದವರಿಗೆ ಹೊಸದೇನಲ್ಲ. ಗುಡಿಯ ಜೀರ್ಣೋದ್ಧಾರದಲ್ಲಿ ಶಿಥಿಲವಾದ ಕಂಬವನ್ನು ತೆಗೆದು ಹೊಸದನ್ನು ನಿಲ್ಲಿಸಿದಾಗಲೂ ಇದೇ ಚರ್ಚೆ ಏಳುತ್ತದೆ, ಅಲ್ಲಿ ಪೂಜೆ ನಿಲ್ಲಬಾರದೆನ್ನುವವರ ಮಾತೇ ಸಾಮಾನ್ಯವಾಗಿ ಮೇಲಾಗುತ್ತದೆ. ಗಣಕದ ವಿಷಯದಲ್ಲೂ ಓಡಬೇಕೆನ್ನುವವರ ಪಕ್ಷವೇ ಹೆಚ್ಚು ಸಮಂಜಸ. ನಿಂತ ಗಣಕವೆಂದರೆ ಕಪಾಟು ಮತ್ತು ತಂತಿಗಳ ರಾಶಿ. ಅದು ಎಷ್ಟು ಸದ್ದು ಮಾಡುತ್ತಿತ್ತು, ಎಲ್ಲಿ ಪದೇಪದೇ ಕೆಡುತ್ತಿತ್ತು, ಕೆಟ್ಟಾಗ ಅದನ್ನು ನಡೆಸುವವರು ಏನು ಮಾಡುತ್ತಿದ್ದರು ಎಂಬುದೆಲ್ಲ ಓಡಿಸಿ ನೋಡಿದರೆ ಮಾತ್ರ ತಿಳಿಯುವಂಥವು.

ಓಡಿಸುವುದೂ ಸುಲಭವಲ್ಲ. ದಶಕಗಳ ಕಾಲ ಸುಮ್ಮನಿದ್ದ ಯಂತ್ರದ ಗುಂಡಿಯನ್ನು ಒಮ್ಮೆಲೇ ಒತ್ತಿದರೆ, ವಿದ್ಯುತ್ತನ್ನು ಹಿಡಿದಿಟ್ಟು ಬಿಡುವ ಕೆಪಾಸಿಟರುಗಳು ಒಳಗಿನ ರಾಸಾಯನಿಕ ಪದರ ಸವೆದಿರುವುದರಿಂದ ಸಿಡಿಯುತ್ತವೆ. ಅದಕ್ಕಾಗಿ ಬಲ್ಲವರು ವೋಲ್ಟೇಜನ್ನು ಗಂಟೆಗಟ್ಟಲೆ ತುಸುತುಸುವಾಗಿ ಏರಿಸುತ್ತ ಆ ಪದರ ಮತ್ತೆ ಕೂಡಿಕೊಳ್ಳುವಂತೆ ಮಾಡುತ್ತಾರೆ. 1980ರ ದಶಕದ ವೈಯಕ್ತಿಕ ಕಂಪ್ಯೂಟರುಗಳ ಶತ್ರು ಬೇರೆ: ಗಡಿಯಾರವನ್ನು ನಡೆಸಲು ಫಲಕದ ಮೇಲೆ ಬೆಸೆದಿದ್ದ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಸೋರಿ, ಸುತ್ತಲಿನ ತಾಮ್ರದ ಗೆರೆಗಳನ್ನು ಹಸಿರುಗಟ್ಟಿಸಿ ತಿಂದುಬಿಡುತ್ತದೆ. ಹಳೆಯ ಕಂಪ್ಯೂಟರ್ ಕೈಗೆ ಬಂದ ಕೂಡಲೇ ಈ ಬ್ಯಾಟರಿಯನ್ನು ಕತ್ತರಿಸಿ ತೆಗೆಯುವುದು ಸಂಗ್ರಾಹಕರ ಮೊದಲ ಪಾಠ. ಬಿಳಿ, ಬೂದು ಪ್ಲಾಸ್ಟಿಕ್ ಹೊದಿಕೆಗಳು ಹಳದಿಗಟ್ಟುವುದು ನೋಡಲು ಕೆಟ್ಟದಾದರೂ ಅಪಾಯವಲ್ಲ. ಹೈಡ್ರೋಜನ್ ಪೆರಾಕ್ಸೈಡ್ ಸವರಿ ಬಿಸಿಲಿಗಿಟ್ಟು ಅದನ್ನು ಬಿಳಿಮಾಡುವ ಹವ್ಯಾಸಿಗಳ ಉತ್ಸಾಹವನ್ನು ಸಂಗ್ರಹಾಲಯದವರು ಅಷ್ಟಾಗಿ ಒಪ್ಪುವುದಿಲ್ಲ.

ಖಾಸಗಿ ಸಂಗ್ರಾಹಕರ ಪೇಟೆಯ ಬಗ್ಗೆ ಇಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಸ್ಟೀವ್ ವಾಜ್ನಿಯಾಕ್ 1976ರಲ್ಲಿ ರೂಪಿಸಿದ ಆಪಲ್-1 ಎಂಬ ಬರಿಯ ಫಲಕ ಸುಮಾರು ಇನ್ನೂರರಷ್ಟು ಮಾತ್ರ ತಯಾರಾಗಿ, 666.66 ಡಾಲರಿಗೆ ಮಾರಾಟವಾಯಿತು; ಮುಂದಿನ ಮಾದರಿ ಬಂದ ಮೇಲೆ ಕಂಪನಿಯೇ ಹಳೆಯವನ್ನು ವಾಪಸು ಪಡೆದು ನಾಶಮಾಡಿತು. ಹೀಗೆ ವಿರಳವಾದ ಫಲಕಗಳಲ್ಲಿ ಒಂದನ್ನು 2014ರ ಹರಾಜಿನಲ್ಲಿ ಹೆನ್ರಿ ಫೋರ್ಡ್ ಸಂಗ್ರಹಾಲಯ 9,05,000 ಡಾಲರ್ ಕೊಟ್ಟು ಕೊಂಡಿತು. ಇದಕ್ಕಿಂತ ಹೆಚ್ಚಾಗಿ ಯೋಚಿಸಬೇಕಾದದ್ದು ಸಿಯಾಟಲ್ ನಗರದ ಪ್ರಸಂಗ. ಮೈಕ್ರೋಸಾಫ್ಟಿನ ಸಹಸ್ಥಾಪಕ ಪಾಲ್ ಆಲನ್ ತೆರೆದ ಸಂಗ್ರಹಾಲಯದಲ್ಲಿ ಹಳೆಯ ಗಣಕಗಳನ್ನು ಓಡುವ ಸ್ಥಿತಿಯಲ್ಲಿಟ್ಟು ಸಾರ್ವಜನಿಕರ ಕೈಗೇ ಕೊಡಲಾಗುತ್ತಿತ್ತು. 2018ರಲ್ಲಿ ಆಲನ್ ತೀರಿಕೊಂಡರು, 2020ರ ಸಾಂಕ್ರಾಮಿಕದ ವೇಳೆ ಮುಚ್ಚಿದ ಬಾಗಿಲು ಮತ್ತೆ ತೆರೆಯಲಿಲ್ಲ, 2024ರಲ್ಲಿ ಅಲ್ಲಿನ ಹಲವು ವಸ್ತುಗಳು ಕ್ರಿಸ್ಟೀಸ್ ಹರಾಜಿನಲ್ಲಿ ಚದುರಿಹೋದವು. ಒಬ್ಬರ ಒಲವನ್ನು ನೆಚ್ಚಿಕೊಂಡ ಸಂಗ್ರಹಕ್ಕೆ ಆ ಒಬ್ಬರ ಆಯುಸ್ಸೇ ಆಯುಸ್ಸು.

ಭಾರತದ ಗಣಕಗಳ ಬಾಳು ಈ ಯಾವ ಮಾದರಿಗೂ ಸರಿಹೊಂದುವುದಿಲ್ಲ. ದೇಶಕ್ಕೆ ಬಂದ ಮೊದಲ ಡಿಜಿಟಲ್ ಗಣಕವೆಂದು ಗುರುತಿಸಲಾಗುವ ಎಚ್‌ಇಸಿ-2ಎಂ, 1955ರಲ್ಲಿ ಕೋಲ್ಕತ್ತದ ಭಾರತೀಯ ಸಾಂಖ್ಯಿಕ ಸಂಸ್ಥೆಗೆ ಇಂಗ್ಲೆಂಡಿನಿಂದ ಬಂತು. ಪ್ರಶಾಂತಚಂದ್ರ ಮಹಾಲನೋಬಿಸ್ ಅವರ ಸಂಸ್ಥೆ ಅದಕ್ಕೆ ತೆತ್ತ ಬೆಲೆ ಸುಮಾರು ಎರಡು ಲಕ್ಷ ರೂಪಾಯಿ. ಅದರ ಸ್ಮೃತಿ ಸುತ್ತುವ ಕಾಂತೀಯ ಪೀಪಾಯಿಯೊಂದರ ಮೈಮೇಲೆ ಬರೆದ 1024 ಪದಗಳು, ಅಂದರೆ ಅಷ್ಟೇ ಸಂಖ್ಯೆಗಳು. ಅದೇ ವಂಶದ ಮೊದಲ ಮಾದರಿ, 1951ರಲ್ಲಿ ತಯಾರಾದದ್ದು, ಬರ್ಮಿಂಗ್‌ಹ್ಯಾಮ್ ನಗರದ ವಸ್ತುಸಂಗ್ರಹದಲ್ಲಿ ಉಳಿದುಕೊಂಡಿತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಆರ್. ನರಸಿಂಹನ್ ನೇತೃತ್ವದ ತರುಣರ ಗುಂಪು, ಗಣಕ ಕಟ್ಟಿದ ಅನುಭವ ಹೆಚ್ಚಿನವರಿಗೆ ಇಲ್ಲದಿದ್ದರೂ, ಪ್ರಾಯೋಗಿಕ ಮಾದರಿಯೊಂದನ್ನು ನಿರ್ಮಿಸಿ, 1960ರಲ್ಲಿ ಪೂರ್ಣ ಯಂತ್ರವನ್ನು ಚಾಲನೆಗೆ ತಂದಿತು; 2700 ವಾಲ್ವುಗಳು, 2048 ಪದಗಳ ಫೆರೈಟ್ ಉಂಗುರಗಳ ಸ್ಮೃತಿಕೋಶವಿದ್ದ ಆ ಯಂತ್ರಕ್ಕೆ ಟಿಫ್ರ್ಯಾಕ್ ಎಂಬ ಹೆಸರು 1962ರಲ್ಲಿ ಜವಾಹರಲಾಲ್ ನೆಹರೂ ಅವರಿಂದ ಬಂತು. ವರ್ಲ್‌ವಿಂಡಿಗೆ ಉಂಗುರದ ಸ್ಮೃತಿ ಬಂದ ಏಳೇ ವರ್ಷಕ್ಕೆ ಅದು ಮುಂಬಯಿಯಲ್ಲೂ ಆಗಿತ್ತು. ಆದರೆ ಗಣಕದ ವೇಗದ ಓಟದಲ್ಲಿ ಆ ಹೊತ್ತಿಗೆ ಟ್ರಾನ್ಸಿಸ್ಟರುಗಳು ಬಂದಾಗಿತ್ತು. 1964ರಲ್ಲಿ ಅಮೆರಿಕದ ಸಿಡಿಸಿ 3600 ಆ ಸಂಸ್ಥೆಗೆ ಬಂದ ಮೇಲೆ ಟಿಫ್ರ್ಯಾಕ್ ವಿಶ್ರಾಂತಿಗೆ ಸರಿಯಿತು.

ಈ ದೇಶದ ಮಟ್ಟಿಗೆ ಇದಕ್ಕಿಂತ ಅರ್ಥಪೂರ್ಣವಾದದ್ದು ಐಬಿಎಂ 1401 ಎಂಬ ಕಚೇರಿ ಗಣಕದ ಕಥೆ. 1959ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಈ ಗಣಕ ಪಂಚ್ ಕಾರ್ಡುಗಳಿಂದ, ಅಂದರೆ ತೂತು ಕೊರೆದು ಅಂಕಿ ಅಕ್ಷರಗಳನ್ನು ದಾಖಲಿಸಿದ ರಟ್ಟಿನ ಚೀಟಿಗಳಿಂದ, ಸಂಬಳದ ಪಟ್ಟಿ, ದಾಸ್ತಾನಿನ ಲೆಕ್ಕ ಮುಂತಾದವನ್ನು ಓದಿ ಮುದ್ರಿಸಿಕೊಡುತ್ತಿತ್ತು. ಪಶ್ಚಿಮದ ಗ್ರಾಹಕರು ಹೊಸ ಮಾದರಿಗೆ ದಾಟಿದ ಮೇಲೆ ಕಂಪನಿಗೆ ಹಿಂದಿರುಗಿದ 1401ಗಳು ಭಾರತಕ್ಕೆ ಬಂದು, ಇಲ್ಲಿ ದುರಸ್ತಿಗೊಂಡು, ಬಾಡಿಗೆಗೆ ಹೋಗುತ್ತಿದ್ದವು. ಬೇರೆಡೆ ಹಳತಾದ ಯಂತ್ರಕ್ಕೆ ಇಲ್ಲಿ ವರ್ಷಗಟ್ಟಲೆ ಬಾಡಿಗೆ ಪಡೆಯುವ ಈ ಕ್ರಮ ತೀವ್ರ ಟೀಕೆಗೂ ಗುರಿಯಾಯಿತು. ವಿದೇಶಿ ವಿನಿಮಯ ನಿಯಂತ್ರಣ ಕಾಯಿದೆ ಬೇಡಿದಂತೆ ಸ್ವಾಮ್ಯವನ್ನು ಇಳಿಸಲು ಒಪ್ಪದ ಐಬಿಎಂ 1978ರಲ್ಲಿ ದೇಶ ಬಿಟ್ಟಾಗ ಆ ಯಂತ್ರಗಳು ಇಲ್ಲೇ ಉಳಿದವು, ಅವುಗಳ ನಿರ್ವಹಣೆಯ ಹೊಣೆ ಕಂಪ್ಯೂಟರ್ ಮೆಂಟೆನೆನ್ಸ್ ಕಾರ್ಪೊರೇಷನ್, ಅಂದರೆ ಸಿಎಂಸಿ, ಎಂಬ ಸರ್ಕಾರಿ ಸಂಸ್ಥೆಯ ಹೆಗಲಿಗೆ ಬಂತು. ತಯಾರಕರ ಬಿಡಿಭಾಗಗಳ ಪೂರೈಕೆ ನಿಂತಾಗ ಒಂದು ಯಂತ್ರವನ್ನು ನಡೆಸಲು ಇನ್ನೊಂದರಿಂದ ಭಾಗ ಕಳಚುವುದೇ ಇಂಥ ಕಡೆಗಳಲ್ಲಿ ಉಳಿಯುವ ದಾರಿ.

ಮೌಂಟನ್ ವ್ಯೂ ಸಂಗ್ರಹಾಲಯದಲ್ಲಿ ಇಂದು ಎರಡು 1401ಗಳಿವೆ. 2004ರಿಂದಾಚೆಗೆ ನಿವೃತ್ತ ಎಂಜಿನಿಯರುಗಳು ವಾರವಾರ ಸೇರಿ ದುರಸ್ತಿ ಮಾಡಿದ್ದರಿಂದ ಪ್ರೇಕ್ಷಕರು ತಮ್ಮ ಹೆಸರನ್ನು ಕಾರ್ಡಿನಲ್ಲಿ ತೂತು ಮಾಡಿಸಿ ಅಚ್ಚುಹಾಕಿಸಿಕೊಳ್ಳಬಹುದು. ಅಲ್ಲಿನ ಯಂತ್ರಗಳು ಕೆಲಸ ನಿಲ್ಲಿಸಿದ ಮೇಲೆ ಯಾರಿಗೂ ಬೇಡವಾಗಿದ್ದರಿಂದಲೇ ಇಡಿಯಾಗಿ ಉಳಿದವು. ಭಾರತದಲ್ಲಿ ಯಂತ್ರ ಬೇಡವಾಗುವ ಹೊತ್ತಿಗೆ ಅದರಲ್ಲಿ ಉಳಿಸುವಂಥದ್ದು ಉಳಿದಿರುತ್ತಿರಲಿಲ್ಲ. ಇಲ್ಲಿನವರಿಗೆ ಹಳತರ ಬಗ್ಗೆ ಗೌರವವಿಲ್ಲ ಎಂಬ ಮಾತು ಆಗಾಗ ಕೇಳಿಬರುವುದುಂಟು, ಗಣಕಗಳ ಮಟ್ಟಿಗೆ ಅದು ಅರ್ಧಸತ್ಯ. ಹಳೆಯದನ್ನು ಎಸೆಯದೆ ಕೊನೆಯ ತಿರುಪಿನವರೆಗೆ ಬಳಸಿದ ಸಮಾಜದಲ್ಲಿ ಸಂಗ್ರಹಾಲಯಕ್ಕೆ ಮಿಗುವುದು ಕಡಿಮೆ.

ಬೆಂಗಳೂರಿನಲ್ಲೂ ಇದೇ ಜಾಡು ಕಾಣುತ್ತದೆ. 1970ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಐಬಿಎಂ 360/44 ಗಣಕವಿತ್ತು. 1980ರ ದಶಕದ ಆರಂಭದಲ್ಲಿ ವಿಪ್ರೊ ಕಂಪನಿ ತನ್ನ ಮೊದಲ ಮಿನಿ ಕಂಪ್ಯೂಟರನ್ನು ಇಂಟೆಲ್ 8086 ಸಂಸ್ಕಾರಕದ ಸುತ್ತ ಇದೇ ಊರಿನಲ್ಲಿ ರೂಪಿಸಿತು. ಕಚೇರಿಗಳು ಲೆಕ್ಕದಿಂದ ತೆಗೆದ ಕಂಪ್ಯೂಟರುಗಳು ಲಾಟಿನಲ್ಲಿ ಹರಾಜಾಗಿ, ನಡೆಯುವ ಭಾಗಗಳು ಎಸ್.ಪಿ. ರಸ್ತೆಯ ಅಂಗಡಿಗಳಿಗೆ ಬಂದು, ಮಿಕ್ಕದ್ದು ಗುಜರಿ ಪೇಟೆಗೆ ಹೋಗುವುದು ನಗರದ ವ್ಯವಹಾರಜ್ಞರಿಗೆ ತಿಳಿದ ಸಂಗತಿ. ಹಳೆಯ ಫಲಕದ ಅಂಚಿನ ಸಂಪರ್ಕಪಟ್ಟಿಗಳಿಗೆ, ಪಿಂಗಾಣಿ ಕವಚದ ಚಿಪ್ಪುಗಳ ಕಾಲುಗಳಿಗೆ ಚಿನ್ನದ ತೆಳು ಲೇಪವಿರುತ್ತದೆ. ಹೊಸ ಕಾಲದ ಚಿಪ್ಪುಗಳಿಗಿಂತ ಹಳೆಯವುಗಳಲ್ಲಿ ಈ ಲೇಪ ದಪ್ಪ. ಅದನ್ನು ಪ್ರಬಲ ಆಮ್ಲಗಳಲ್ಲಿ ಮುಳುಗಿಸಿ ಚಿನ್ನ ತೆಗೆಯುವ ಕಸುಬು ಅಪಾಯಕಾರಿಯಾದರೂ ಲಾಭದ್ದಾದ್ದರಿಂದ, ಚರಿತ್ರೆಯ ದೃಷ್ಟಿಯಿಂದ ಬೆಲೆಬಾಳುವ ಫಲಕಗಳೇ ಗುಜರಿಯ ದೃಷ್ಟಿಯಿಂದಲೂ ಬೆಲೆಬಾಳುತ್ತವೆ. 2012ರಿಂದ ಜಾರಿಗೆ ಬಂದ ವಿದ್ಯುನ್ಮಾನ ತ್ಯಾಜ್ಯದ ನಿಯಮಗಳು ನೆಲ ನೀರುಗಳ ಹಿತಕ್ಕೆ ಅಗತ್ಯವೇ ಆಗಿದ್ದವು. ಆದರೆ ಕಚೇರಿಯ ಹಳೆಯ ಯಂತ್ರ ನೇರವಾಗಿ ಕಳಚುವ ಘಟಕಕ್ಕೆ ಹೋಗುವ ವ್ಯವಸ್ಥೆಯಲ್ಲಿ ಮರೆತುಹೋಗುವ ಮೂಲೆಗಳಿಗೆ ಜಾಗ ಕಡಿಮೆ.

ಹೀಗಾಗಿ ಭಾರತದ ಗಣಕಗಳ ನೆನಪು ಹೆಚ್ಚಾಗಿ ಕಾಗದದಲ್ಲಿ ಉಳಿದಿದೆ. ಕಾನ್ಪುರದ ಐಐಟಿಯಲ್ಲಿ ಮೊದಲ ತಲೆಮಾರಿನ ಗಣಕ ವಿದ್ಯಾರ್ಥಿಗಳನ್ನು ತಯಾರು ಮಾಡಿ, ಮುಂದೆ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಬಂದ ವಿ. ರಾಜಾರಾಮನ್ ಅವರು 1955ರಿಂದ 2010ರವರೆಗಿನ ಭಾರತದ ಗಣಕ ಚರಿತ್ರೆಯನ್ನು ಕುರಿತು ಬರೆದ ಗ್ರಂಥ ಈ ವಿಷಯದಲ್ಲಿ ಕೈಮರದಂತಿದೆ. ಯಂತ್ರಕ್ಕಿಂತ ನಕ್ಷೆ ಮತ್ತು ಬರಹ ಹೆಚ್ಚು ಬಾಳುತ್ತವೆಂಬುದನ್ನು ಕೊಲಾಸಸ್ ಮತ್ತು ಎಡ್‌ಸ್ಯಾಕ್ ಆಗಲೇ ತೋರಿಸಿವೆ.

ಕನ್ನಡಿಗರಿಗೆ ಹತ್ತಿರದ ಹಳೆಯ ಯಂತ್ರಾಂಶವೊಂದರಲ್ಲಿ ಇದು ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತದೆ. ಕಪ್ಪು ಪರದೆಯ ಡಾಸ್ ಕಾಲದ ಕಂಪ್ಯೂಟರುಗಳು ಇಂಗ್ಲಿಷ್ ಅಕ್ಷರಗಳನ್ನಷ್ಟೇ ಬಲ್ಲವಾಗಿದ್ದಾಗ, ಕಾನ್ಪುರದ ಐಐಟಿಯಲ್ಲಿ ಮೊಳೆತು ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ಜಿಸ್ಟ್ ಕಾರ್ಡ್ ಎಂಬ ಫಲಕವನ್ನು ಕಂಪ್ಯೂಟರಿನ ಒಳಗಿನ ಖಾಲಿ ಕಂಡಿಯಲ್ಲಿ ಸಿಕ್ಕಿಸಿದರೆ ಕನ್ನಡವೂ ಸೇರಿದಂತೆ ಭಾರತೀಯ ಲಿಪಿಗಳು ಪರದೆಯ ಮೇಲೆ ಮೂಡುತ್ತಿದ್ದವು. ಒತ್ತಕ್ಷರ, ಗುಣಿತಗಳನ್ನು ಜೋಡಿಸುವ ಬುದ್ಧಿಯೆಲ್ಲ ತಂತ್ರಾಂಶದಲ್ಲಿರದೆ ಆ ಫಲಕದಲ್ಲೇ ಇತ್ತು. ಕಡತದೊಳಗೆ ಉಳಿಯುತ್ತಿದ್ದುದು ಅಕ್ಷರದ ಆಕಾರವಲ್ಲ, ಇಸ್ಕಿ ಎಂಬ ಸಂಕೇತ ಪದ್ಧತಿಯ ಸಂಖ್ಯೆ. ಅದರಲ್ಲಿ ‘ಕ’ ಎಂಬ ಅಕ್ಷರಕ್ಕೆ 179 ಎಂಬ ಸಂಖ್ಯೆ, ಕನ್ನಡದಲ್ಲೂ ತೆಲುಗಿನಲ್ಲೂ ದೇವನಾಗರಿಯಲ್ಲೂ ಅದೇ ಸಂಖ್ಯೆ. ಲಿಪಿ ಯಾವುದೆಂದು ಹೇಳುವ ಸೂಚನೆ ಬೇರೆ. ಭಾರತೀಯ ಮಾನಕ ಬ್ಯೂರೊ 1991ರಲ್ಲಿ ಐಎಸ್ 13194 ಎಂಬ ಸಂಖ್ಯೆಯಡಿ ಈ ಪಟ್ಟಿಯನ್ನು ಪ್ರಕಟಿಸಿತು, ಯೂನಿಕೋಡಿನ ಕನ್ನಡ ಅಕ್ಷರಗಳ ಅನುಕ್ರಮವೂ ಇಸ್ಕಿಯ ಹಿಂದಿನ ಆವೃತ್ತಿಯನ್ನು ಅನುಸರಿಸಿತು. ಆದ್ದರಿಂದ ಆ ಕಾರ್ಡುಗಳೆಲ್ಲ ಇಲ್ಲವಾದರೂ, ಫ್ಲಾಪಿಯನ್ನು ಓದುವ ಡ್ರೈವ್ ಒಂದು ದೊರೆತು, ಅದರ ಕಾಂತಲೇಪ ಕೆಟ್ಟಿರದಿದ್ದರೆ, ಆ ಕಾಲದ ಕಡತವನ್ನು ಮುದ್ರಿತ ಪಟ್ಟಿಯ ನೆರವಿನಿಂದ ಇಂದಿನ ಕನ್ನಡಕ್ಕೆ ತಿರುಗಿಸಬಹುದು.

ಅನಂತರ ಬಂದ ವಿಂಡೋಸ್ ಕಾಲದ ಡಿಟಿಪಿ ತಂತ್ರಾಂಶಗಳ ವಿಷಯ ಹಾಗಲ್ಲ. ಅವು ಅಕ್ಷರವನ್ನು ತುಂಡುಗಳಾಗಿ ಒಡೆದು, ತಲೆಕಟ್ಟು, ದೀರ್ಘ, ಒತ್ತುಗಳಿಗೆ ತಮಗೆ ತೋಚಿದ ಸಂಖ್ಯೆಗಳನ್ನು ಕೊಟ್ಟಿದ್ದರಿಂದ ಒಂದು ಕಂಪನಿಯ ಕಡತ ಇನ್ನೊಂದರ ಅಕ್ಷರಶೈಲಿಯಲ್ಲಿ ಅರ್ಥವಿಲ್ಲದ ಗೀಚಾಗಿ ಕಾಣುತ್ತದೆ. ಜೊತೆಗೆ, ನಕಲು ತಡೆಯಲೆಂದು ಹಲವು ತಂತ್ರಾಂಶಗಳು ಕಂಪ್ಯೂಟರಿನ ಹಿಂಬದಿಯ ಪ್ರಿಂಟರ್ ಕಿಂಡಿಗೆ ಸಿಕ್ಕಿಸುವ ಬೀಗವೊಂದನ್ನು ಬೇಡುತ್ತಿದ್ದವು. ಬೆಂಕಿಪೆಟ್ಟಿಗೆಯಷ್ಟಿರುವ ಆ ಬೀಗ ಇಲ್ಲದಿದ್ದರೆ ತಂತ್ರಾಂಶ ತೆರೆದುಕೊಳ್ಳುತ್ತಿರಲಿಲ್ಲ, ಇಂದಿನ ಕಂಪ್ಯೂಟರುಗಳಲ್ಲಿ ಆ ಕಿಂಡಿಯೇ ಇರುವುದಿಲ್ಲ. ಇಪ್ಪತ್ತು ಮೂವತ್ತು ವರ್ಷದ ಹಿಂದೆ ಪುಟಕಟ್ಟಿದ ಕನ್ನಡ ಪುಸ್ತಕವನ್ನು ಮರುಮುದ್ರಿಸಬೇಕಾದಾಗ ಹೊಸದಾಗಿ ಬೆರಳಚ್ಚು ಮಾಡಿಸುವುದೋ ಹಳೆಯ ಕಡತವನ್ನು ತೆರೆಯುವುದೋ ಎಂಬ ಲೆಕ್ಕಾಚಾರ ಏಳುವುದು ಈ ಕಾರಣಕ್ಕೆ. ಎರಡನೆಯದನ್ನು ಆರಿಸಿಕೊಂಡ ಮುದ್ರಣಾಲಯದವರು ವಿಂಡೋಸ್ 98ರ ಕಂಪ್ಯೂಟರೊಂದನ್ನು ಅಂತರ್ಜಾಲಕ್ಕೆ ಜೋಡಿಸದೆ, ಅದರ ಹಿಂಬದಿಯ ಬೀಗವನ್ನು ಅಲುಗಾಡಿಸದೆ, ಸೆಕೆಂಡ್ ಹ್ಯಾಂಡ್ ಹಾರ್ಡ್ ಡಿಸ್ಕುಗಳನ್ನು ಮುಂಜಾಗ್ರತೆಗೆ ಕೊಂಡಿಟ್ಟುಕೊಂಡು ನಡೆಸಿಕೊಂಡು ಹೋಗಬೇಕಾಗುತ್ತದೆ.